ನಾಲ್ಕನೇ ಸಿಲಿಂಡರ್

ಮಾರ್ಚ್ ೩
ಬೆಳಿಗ್ಗೆ ಕ್ಲಚ್ ಕೆಲಸ, ಮಧ್ಯಾಹ್ನ ಒಂದು ರೇಡಿಯೇಟರ್. ಮನೆ ಹಿಂದಿನ ಶೆಡ್ಡಿನ ಮೂಲೆಯಲ್ಲಿ ಅಣ್ಣನ ರೇಸ್ ಕಾರು, ಟಾರ್ಪಾಲಿನ ಕೆಳಗೆ. ಅದಕ್ಕೆ ಬೆನ್ನು ಮಾಡಿಯೇ ಕೆಲಸ ಮಾಡೋದು ಅಭ್ಯಾಸವಾಗಿಬಿಟ್ಟಿದೆ.

ಟೀ ತಂದ ಅತ್ತಿಗೆ ಹೋಗದೆ ನಿಂತರು. ಎಂಜಿನ್ ಬಿಚ್ಚಿ ನೋಡು ಅಂದರು. ಅಣ್ಣ ರೇಸಿನಲ್ಲಿ ತೀರಿಕೊಂಡು ವರ್ಷವಾಗುತ್ತಾ ಬಂತು. ರೇಸಿನವರು ಚಾಲಕನ ತಪ್ಪು ಅಂತ ಕೈತೊಳೆದುಕೊಂಡರು. ಆವತ್ತು ಬೆಳಿಗ್ಗೆ ಗಂಡಹೆಂಡಿರ ಜಗಳ ಅಕ್ಕಪಕ್ಕದವರಿಗೆಲ್ಲ ಕೇಳಿಸಿತ್ತು. ಬೇಕಂತಲೇ ಗೋಡೆಗೆ ಹೊಡೆದ ಅನ್ನುವವರೂ ಇದ್ದಾರೆ.

"ನನಗೆ ಗೊತ್ತಾಗಬೇಕು," ಅಂದರು. ಅಷ್ಟೇ.

ಮಾರ್ಚ್ ೫, ಸಂಜೆ
ಸ್ಪಾರ್ಕ್ ಪ್ಲಗ್ ತೆಗೆದೆ. ನಡುವಿನ ಎರಡೂ ಒಳ್ಳೇ ಕಂದು, ಸರಿಯಾಗಿ ಉರಿದ ಗುರುತು. ಮೊದಲನೇದು ಬಿಳಿಚಿಕೊಂಡಿದೆ. ನಾಲ್ಕನೇದು... ಸುಣ್ಣ. ಎಂಜಿನ್ನಿನ ಮೇಲಿನ ಹೆಡ್ ಎತ್ತಿದೆ. ನಾಲ್ಕನೇ ಪಿಸ್ಟನ್ನಿನ ನೆತ್ತಿ ಕರಗಿ ತೂತು ಬಿದ್ದಿದೆ. ಬೆರಳು ಹೋಗುತ್ತೆ.

ಪೆಟ್ರೋಲ್ ಸಾಲದೆ ಕಾದು ಕರಗಿದೆ. ಎಂಜಿನ್ ಜಾಮ್, ಹಿಂದಿನ ಚಕ್ರ ಲಾಕ್, ಕಾರು ಕೈ ತಪ್ಪಿದೆ. ಅಣ್ಣ ಬೇಕಂತ ಮಾಡಿದ್ದಲ್ಲ!

ಅತ್ತಿಗೆಗೆ ಹೇಳೋಕೆ ಓಡಿದೆ. ಬಾಗಿಲ ತನಕ ಹೋಗಿ ವಾಪಸ್ ಬಂದೆ. ಬೆಂಚಿನ ಮೇಲೆ ಬಿಚ್ಚಿಟ್ಟ ಹೊಸ ಇನ್‌ಟೇಕ್ ಮ್ಯಾನಿಫೋಲ್ಡ್ ಕಂಡಿತ್ತು. ಅಣ್ಣನ ಹುಟ್ಟುಹಬ್ಬಕ್ಕೆ ಅತ್ತಿಗೆ ತಂದುಕೊಟ್ಟಿದ್ದು.

ಮಾರ್ಚ್ ೬
ಎಷ್ಟು ಸಲ ಯೋಚಿಸಿದರೂ ಅದೇ. ಕಾರ್ಬ್ಯುರೇಟರಿನಿಂದ ಬಂದ ಗಾಳಿ, ಪೆಟ್ರೋಲನ್ನ ನಾಲ್ಕು ಸಿಲಿಂಡರಿಗೂ ಹಂಚೋದು ಈ ಮ್ಯಾನಿಫೋಲ್ಡ್. ಅಣ್ಣ ತೆಗೆದಿಟ್ಟ ಹಳೇದರ ಕೊಳವೆ ಸಣ್ಣ, ಉದ್ದ. ವೇಗ ಕಮ್ಮಿ, ಆದರೆ ಎಲ್ಲರಿಗೂ ಪಾಲು ಸಿಗುತ್ತೆ. ಹೊಸದರಲ್ಲಿ ಒಂದೇ ಅಗಲ ಕೋಣೆ, ಗಿಡ್ಡ ಕೊಳವೆಗಳು — ಜೋರು ಓಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಕೊಳವೆಯ ತಿರುವಿನಲ್ಲಿ ಗಾಳಿ ತಿರುಗುತ್ತೆ, ಪೆಟ್ರೋಲ್ ಭಾರ, ಗೋಡೆಗೆ ಬಡಿದುಕೊಳ್ಳುತ್ತೆ. ತುದಿಯ ಸಿಲಿಂಡರಿಗೆ ಬರೀ ಗಾಳಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡೋ ಜೆಟ್ ದೊಡ್ಡದು ಹಾಕಿ ಸರಿದೂಗಿಸಬೇಕಿತ್ತು. ಅಣ್ಣ ಹಾಕಿಲ್ಲ. ಹಳೇ ಜೆಟ್ಟೇ ಇದೆ.

ಬೆನ್ನ ಹಿಂದೆ ಯಾರೋ ನಿಂತ ಹಾಗೆ. ಕಾದ ಆಯಿಲ್ ವಾಸನೆ. ಎಂಜಿನ್ ಮಂಜಿನ ಹಾಗೆ ತಣ್ಣಗಿದೆ...

ಮಾರ್ಚ್ ೧೭
ಇಷ್ಟು ದಿನ ಅತ್ತಿಗೆ ಕಣ್ಣು ತಪ್ಪಿಸಿ ಓಡಾಡಿದೆ. ಇವತ್ತು ಅವರೇ ಬಂದು ಪಿಸ್ಟನ್ ಕೈಗೆತ್ತಿಕೊಂಡರು. ಅಣ್ಣನ ತಪ್ಪಿಲ್ಲ, ಎಂಜಿನ್ ಕೈಕೊಟ್ಟಿತು ಅಂದೆ. ಅಲ್ಲಿಗೇ ನಿಲ್ಲಿಸಿದೆ. ಅವರು ಮ್ಯಾನಿಫೋಲ್ಡ್ ನೋಡ್ತಾ ಇದ್ದರು.

"ಇದರಿಂದಾನಾ?"

ಸುಳ್ಳು ಬಾಯಿಗೆ ಬರಲಿಲ್ಲ, ಹೌದು ಅಂದೆ.

"ಜೆಟ್ ಬದಲಾಯಿಸದೆ ಓಡಿಸಬೇಡಿ ಅಂತ ಅಂಗಡಿಯವನು ಹೇಳಿದ್ದ ಕಣೋ. ಆವತ್ತು ಜಗಳ ಆಗಿದ್ದು ಅದಕ್ಕೇ. ರೇಸ್ ಮುಗಿಸಿ ಬಂದು ಹಾಕ್ತೀನಿ ಅಂದರು ನಿಮ್ಮಣ್ಣ. ಕೀ ಬಚ್ಚಿಟ್ಟೆ. ಹುಡುಕಿಕೊಂಡು ಹೋದರು."

ಅಳಲಿಲ್ಲ. ಪಿಸ್ಟನ್ನನ್ನ ಸೆರಗಿನಲ್ಲಿ ಒರೆಸಿ ಇಟ್ಟರು.

ಏಪ್ರಿಲ್ ೯
ಎಂಜಿನ್ ಮತ್ತೆ ಓಡಿಸು ಅಂತ ಅತ್ತಿಗೆ ಹಟ ಹಿಡಿದರು. ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಎಂಜಿನ್ನನ್ನ ಸ್ಟ್ಯಾಂಡಿಗೆ ಕೂರಿಸಿದೆ. ಹಳೇ ಮ್ಯಾನಿಫೋಲ್ಡೇ ಹಾಕಿದೆ. ಬೆಣ್ಣೆಯಂತೆ ಓಡಿತು. ನಾಲ್ಕು ಪ್ಲಗ್ಗೂ ಒಂದೇ ಬಣ್ಣ.

ಅತ್ತಿಗೆ ತಲೆ ಅಲ್ಲಾಡಿಸಿದರು. "ಇದು ಅವರ ಸದ್ದಲ್ಲ."

ಆ ಇನ್ನೊಂದನ್ನೇ ಹಾಕು ಅಂದರು. ಒಂದು ಸಲ ಕೇಳಬೇಕಂತೆ.

ಏಪ್ರಿಲ್ ೧೧, ಮಧ್ಯಾಹ್ನ
ಹಾಕಿದೆ. ಆಕ್ಸಿಲರೇಟರ್ ಮುಟ್ಟಲ್ಲ, ಸುಮ್ಮನೆ ನಿಂತಲ್ಲೇ ಓಡಲಿ, ಏನೂ ಆಗಲ್ಲ ಅಂದುಕೊಂಡೆ. ಸ್ಟಾರ್ಟ್ ಮಾಡಿದೆ. ತಡವರಿಸಿ, ಕೆಮ್ಮಿ, ಗುಡುಗಿತು. ಅದೇ. ಕೊನೇ ದಿನಗಳಲ್ಲಿ ಸಂಜೆ ಅಣ್ಣ ಕಾರು ತಿರುಗಿಸಿಕೊಂಡು ಒಳಗೆ ಬರುವಾಗ ಕೇಳ್ತಿದ್ದದ್ದು. ಅತ್ತಿಗೆ ಕಣ್ಣು ಮುಚ್ಚಿದ್ದರು.

ಸದ್ದು ಕೇಳಿ ಅಡುಗೆಮನೆಯಿಂದ ಅಮ್ಮ ಬಂದುಬಿಟ್ಟರು. ಅಣ್ಣ ಹೋದ ಮೇಲೆ ಶೆಡ್ಡಿಗೆ ಕಾಲಿಡದವರು. ಬರಿಗಾಲು, ಕೈಯಲ್ಲಿ ಸೌಟು.

"ಬಂದನಾ?"

ಆಫ್ ಮಾಡೋಕೆ ಹೋದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು ತಡೆದರು. ಈಗ ಅಮ್ಮನನ್ನ ಸ್ಟೂಲಿನ ಮೇಲೆ ಕೂರಿಸಿ ಪಕ್ಕದಲ್ಲಿ ಕುಕ್ಕರಿಸಿದ್ದಾರೆ. ಇಬ್ಬರೂ ಬಾಗಿಲ ಕಡೆ ನೋಡ್ತಾ ಇದ್ದಾರೆ. ನಾನು ಬೆಂಚಿನ ಹತ್ತಿರ ನಿಂತು ಇದನ್ನ ಗೀಚ್ತಾ ಇದ್ದೀನಿ. ಇನ್ನೂ ಓಡ್ತಾ ಇದೆ. ಕ್ಯಾನಿನಲ್ಲಿ ಸ್ವಲ್ಪವೇ ಪೆಟ್ರೋಲ್ ಉಳಿದಿರೋದು. ಅದು ಮುಗಿದು ಸದ್ದು ನಿಂತ ಮೇಲೆ ಅಮ್ಮನಿಗೆ ಏನಂತ ಹೇಳೋದು —