ಇಷ್ಟವಿದ್ದರೆ ಬರೆಯಿರಿ

ಮುದ್ದಿನ ತಮ್ಮ ಛೂ ಫೆಂಗ್‌ಗೆ,

ಗೋಡೆಯಾಚೆ ನೀನು ಶವದ ಮುಂದೆ ನಿಂತು ಬಿದಿರು ಕೊಳವೆಗಳ ನಮ್ಮ ವಾದ್ಯ ಕೆಂಗ್ ಊದುತ್ತಿದ್ದೀಯ. ಈಚೆ, ಅಂತ್ಯಕ್ರಿಯೆ ಭವನದ ಅಡುಗೆಮನೆಯಲ್ಲಿ, ಹಂದಿಮಾಂಸ ಕೊಚ್ಚುತ್ತಿರುವ ಅತ್ತೆಯರ ನಡುವೆ ನಿನ್ನ ಲ್ಯಾಪ್‌ಟಾಪ್ ಹಿಡಿದು ನಾನು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳು. ಏಳುತ್ತೇನೆ, ಅನ್ನದ ಪಾತ್ರೆಯ ಮುಚ್ಚಳ ತೆಗೆದು ಸುಮ್ಮನೆ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಊದುವವನನ್ನು ನಡುವೆ ಕರೆಯುವಂತಿಲ್ಲ, ನಿನ್ನ ಫೋನು ಇಲ್ಲಿ ಬಿಚ್ಚಿಟ್ಟ ಕೋಟಿನಲ್ಲೇ ಇದೆ. ಅದಕ್ಕೇ ಈ ಕಾಗದ. ಊಟಕ್ಕೆ ಬಿಟ್ಟಾಗ ನಿನ್ನ ತಟ್ಟೆಯ ಪಕ್ಕ ಇಡುತ್ತೇನೆ.

"ಅಕ್ಕಾ, ಕಾಲೇಜಿನ ಅರ್ಜಿ ಎಲ್ಲಾ ತುಂಬಿದ್ದೀನಿ. ಭಾನುವಾರ ಸಂಜೆ ಕಡೇ ಗಡುವು, ನಾನಿಲ್ಲಿ ಸೋಮವಾರದವರೆಗೂ ಇರ್ತೀನಿ. ಒಂದ್ಸಲ ಕಣ್ಣಾಡಿಸಿ ಕಳ್ಸಿಬಿಡು" ಅಂದು ನೀನು ಒಳಗೆ ಹೋದೆ. ನಾನು ಕಣ್ಣಾಡಿಸಿದೆ. ಕೊನೆಯಲ್ಲಿ ಒಂದು ಜಾಗವಿದೆ: ಬೇರೇನಾದರೂ ಹೇಳುವುದಿದ್ದರೆ, ಇಷ್ಟವಿದ್ದರೆ ಬರೆಯಿರಿ. ಅದನ್ನು ಖಾಲಿ ಬಿಟ್ಟಿದ್ದೀಯ. ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ನಿಮ್ಮ ಶಾಲೆಯ ಹಾಲ್ವರ್ಸನ್ ಮೇಡಂ ನನಗೇ ಫೋನ್ ಮಾಡಿ ಬಿಡಿಸಿ ಹೇಳಿದ್ದರು. "ನೋಡಮ್ಮ, ನಿನ್ನ ತಮ್ಮನ ಗೈರುಹಾಜರಿ ಎಲ್ಲಾ ಬರೀ ಶುಕ್ರವಾರ, ಸೋಮವಾರ. ಓದೋವ್ರು ಏನಂದ್ಕೋತಾರೆ? ವಾರಾಂತ್ಯಕ್ಕೆ ಊರೂರು ಅಲೀತಿದ್ದ ಅಂತ. ಆ ಕಡೇ ಜಾಗ ಇರೋದೇ ಇಂಥದ್ದಕ್ಕೆ, ಬರಿಯೋಕೆ ಹೇಳು." ಲಾವೋಸಿನಿಂದ ಬಂದ ನಮ್ಮವರ ಸಾವಿನ ಕಾರ್ಯ ಶುಕ್ರವಾರ ಶುರುವಾಗಿ ಸೋಮವಾರ ಮಣ್ಣಿಗಿಟ್ಟ ಮೇಲೇ ಮುಗಿಯುವುದು ಅಂತ ಅಲ್ಲಿ ಕೂತು ಓದುವವರಿಗೆ ಕನಸು ಬೀಳುತ್ತದೆಯೇ? ಇಡೀ ಸೇಂಟ್ ಪಾಲ್ ಊರಿನಲ್ಲಿ ಕೆಂಗ್ ಊದಬಲ್ಲವರು ಬೆರಳೆಣಿಕೆಯಷ್ಟು, ಕರೆದವರಿಗೆ ನೀನು ಇಲ್ಲ ಅನ್ನುವುದಿಲ್ಲ ಅಂತ ಅವರಿಗೆ ಯಾರು ಹೇಳಬೇಕು? ಇವತ್ತೂ ಶುಕ್ರವಾರವೇ. ಇವತ್ತೂ ಗೈರೇ.

ಮೇಡಂ ಫೋನ್ ಮಾಡಿದ ದಿನ ನಾನು ಬರಿ ಅಂದಿದ್ದಕ್ಕೆ ನೀನು ಏನಂದೆ? "ಇಷ್ಟ ಇದ್ರೆ ಅಂತ ಇದೆ ಅಕ್ಕಾ. ಅಂದ್ರೆ ಸುಮ್ನೆ ಮರ್ಯಾದೆಗೆ ಕೇಳಿರೋದು. ಕೇಳಿದ ತಕ್ಷಣ ಶುರು ಹಚ್ಕೊಂಡ್ರೆ ಚೆನ್ನಾಗಿರುತ್ತಾ?" ಅಯ್ಯೋ ದಡ್ಡ! ಹೊಟ್ಟೆ ಚುರುಗುಟ್ಟುತ್ತಿದ್ದರೂ "ಬೇಡ ಅತ್ತೆ, ಈಗ ತಾನೇ ತಿಂದೆ" ಅನ್ನುವ ಹುಡುಗ ನೀನು. ಅತ್ತೆಗೆ ಅದು ಗೊತ್ತು, ತೋಳು ಹಿಡಿದು ಎಳೆದು ಕೂರಿಸುತ್ತಾಳೆ. ಈ ಅರ್ಜಿ ಯಾರ ತೋಳನ್ನೂ ಹಿಡಿಯುವುದಿಲ್ಲ ಕಣೋ. ಬೇಡ ಅಂದರೆ ಬೇಡ ಅಂತಲೇ ನಂಬಿಬಿಡುತ್ತದೆ.

ಅಪ್ಪನ ಮಾತೂ ನಿನ್ನನ್ನು ಕಟ್ಟಿಹಾಕಿದೆ, ಗೊತ್ತು. "ಮಂದಿ ಮನೆ ಸಾವು ತೋರ್ಸಿ ಸೀಟು ಕೇಳ್ತೀಯೇನೋ? ನಾಚ್ಕೆ ಆಗಲ್ವಾ?" ಅಂದಾಗ ನೀನು ತಲೆತಗ್ಗಿಸಿ ನಿಂತಿದ್ದೆ. ನನಗೂ ಆ ಮಾತು ಚುಚ್ಚಿತು. ಆದರೆ ಸಾವು ತೋರಿಸು ಅಂತ ನಾನೆಲ್ಲಿ ಹೇಳಿದೆ? ಸತ್ತವರ ಹೆಸರು ಬೇಡ, ಅಳುವವರ ಕಣ್ಣೀರೂ ಬೇಡ. ಆ ದಿನಗಳಲ್ಲಿ ನೀನು ಎಲ್ಲಿದ್ದೆ, ಯಾಕಿದ್ದೆ, ಅಷ್ಟು ಹೇಳು. ಅದು ಬೇಡುವುದಲ್ಲ.

ನಿನ್ನ ಬದಲು ನಾನೇ ಬರೆಯಲು ಹೋದೆ. ಮೊದಲ ಸಾಲಿಗೇ "ದಯವಿಟ್ಟು" ಬಂತು, ಎರಡನೆಯದಕ್ಕೆ "ಪಾಪ". ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. "ಏನೇ ಅದು, ಲವ್ ಲೆಟರಾ?" ಅಂತ ಚಿಕ್ಕತ್ತೆ ಕಿಚಾಯಿಸಿದಳು. ನನಗೆ ನಗು ಬರಲಿಲ್ಲ.

ಈಗ ಕೇಳಿಸುತ್ತಿದೆ, ತೀರಿಹೋದ ಆ ಅಜ್ಜಿಯ ಆತ್ಮವನ್ನು ಕೆಂಗ್‌ನ ನಾದದಲ್ಲೇ ಅವಳು ಬಾಳಿದ ಊರುಗಳ ಮೂಲಕ ಹಿಂದಕ್ಕೆ ಕರೆದೊಯ್ಯುತ್ತಿದ್ದೀಯ. ಸೇಂಟ್ ಪಾಲ್, ಅದಕ್ಕೂ ಮೊದಲಿನ ಫ್ರೆಸ್ನೋ, ಥಾಯ್ಲೆಂಡಿನ ಶಿಬಿರ, ಲಾವೋಸಿನ ಬೆಟ್ಟದ ಹುಟ್ಟೂರು. ಒಂದೂರು ಬಿಟ್ಟರೂ ಅವಳು ಅಲ್ಲೇ ನಿಂತುಬಿಡುತ್ತಾಳೆ ಅಂತ ಒಂದನ್ನೂ ಬಿಡದೆ, ಉಸಿರು ಸೋತರೂ ಊದುತ್ತೀಯ. ಮುಖ ನೋಡಿರದ ಅಜ್ಜಿಯ ಇಡೀ ಬದುಕನ್ನು ಹೇಳಬಲ್ಲವನು ನಿನ್ನ ಬಗ್ಗೆ ಮೂರು ಸಾಲು ಹೇಳಲಾರೆಯಾ? ನಾನು ಅರ್ಜಿ ಕಳಿಸುವ ಗುಂಡಿ ಒತ್ತುವುದಿಲ್ಲ. ನೀನೇ ಬಂದು ಬರೆಯಬೇಕು. ಗಡುವು ಮೀರಿ ಜೀವಮಾನವಿಡೀ ನನ್ನನ್ನು ಬೈದರೂ ಸರಿ, ನೀನಿಲ್ಲದ ಈ ಅರ್ಜಿಯನ್ನು ನಾನು ಕಳಿಸಲಾರೆ.

ನಿನ್ನ ಉಸಿರು ಗಟ್ಟಿಯಾಗಿರಲಿ, ದೊಡ್ಡವನಾಗು.

ನಿನ್ನ ಅಕ್ಕ,
ಕಾ ಯಿಂಗ್