ರಾಕ್ಷಸನ ಬಿಟ್ಟುಹೋದ ಮೂರು ಹಾಡು

೩ ಡಿಸೆಂಬರ್ ೧೯೯೧, ಮಂಗಳವಾರ
ಐದಕ್ಕೆ ರಿಹರ್ಸಲ್ ಮುಗಿಸಿ, ಸಿಂಧನೂರಿನಿಂದ ಮಸ್ಕಿವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ಸೋತಿವೆ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಪೂರಾ ಹಾಡಿನ ನಾಟಕ ಮಾಡಿಸುತ್ತೇನೆ ಅಂತ ಸ್ಟಾಫ್ ಮೀಟಿಂಗಿನಲ್ಲಿ ಜಂಬ ಕೊಚ್ಚಿದವನು ನಾನೇ. ಗಣಿತದ ಮೇಷ್ಟ್ರಿಗೆ ಯಾಕೆ ಬೇಕಿತ್ತು... ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ಕಥೆಯೂ ನನ್ನದೇ. ಒಬ್ಬ ರಾಕ್ಷಸ ಊರವರ ನಿದ್ದೆಯನ್ನೆಲ್ಲ ಕದ್ದು ಗಡಿಗೆಯಲ್ಲಿ ಮುಚ್ಚಿಟ್ಟಿದ್ದಾನೆ. ರಾಜಕುಮಾರಿ ಅವನ ಗುಹೆಗೆ ಹೋಗಿ, ಜೋಗುಳ ಹಾಡಿ, ಅವನನ್ನೇ ಮಲಗಿಸಬೇಕು. ಹದಿನಾಲ್ಕು ಹಾಡು. ರಾಗ ಹಾಕಿದವರು ಟೇಲರ್ ಉಸ್ಮಾನ್‌ಸಾಬರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸಿದವರು.

ರಾಕ್ಷಸನ ಪಾರ್ಟಿನ ಗದ್ದೆಪ್ಪನಿಗೆ ದನಿ ಒಡೆದಿದೆ. ಮೇಲಿನ ಸ್ವರಕ್ಕೆ ಹೋದರೆ ಹಳೇ ಬಾಗಿಲು ತೆರೆದ ಸದ್ದು. ಅವನ ಮೂರೂ ಹಾಡು ಕತ್ತರಿಸಿದೆ. ಇನ್ನು ಬರೀ ಘರ್ಜಿಸಲಿ.

ರಾಜಕುಮಾರಿ, ಒಂಬತ್ತನೇ ಕ್ಲಾಸಿನ ತಿಮ್ಮವ್ವ. ಸಾಲಗುಂದದಿಂದ ಬರುವ ಹುಡುಗಿ. ಇವತ್ತು ಜೋಗುಳ ಹಾಡಿದಳು. ಉಸ್ಮಾನ್‌ಸಾಬರು ಪೇಟಿ ನುಡಿಸುವುದನ್ನೇ ಮರೆತು ಕೂತರು.

೧೧ ಡಿಸೆಂಬರ್
ತಿಮ್ಮವ್ವನ ಅಪ್ಪ ಯಂಕೋಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೂರು ಅಂದರೂ ಕೂರಲಿಲ್ಲ. ಮೆತ್ತನೆ ಮಾತು. ಜಗಳಕ್ಕೆ ಬಂದಿದ್ದರೆ ನನಗೂ ಸಲೀಸಿತ್ತು.

"ನಮ್ಮ ಕಡಿ ನಾಟಕ ಆದ್ರ ಪಾರ್ಟ ಮಾಡಾಕ ಹೆಣ್ಮಕ್ಕಳನ್ನ ಹೊರಗಿಂದ ಕರಸ್ತೀವ್ರೀ ಮಾಸ್ತರ. ಮನಿ ಮಕ್ಕಳನ್ನ ನಿಂದ್ರಸಂಗಿಲ್ಲ. ನಾಳಿ ಯಾರರ ಹೆಣ್ಣ ಕೇಳಾಕ ಬಂದ್ರ, ಸ್ಟೇಜಿನ ಮ್ಯಾಲ ನಿಂತಾಕಿ ಇಕಿನ ಅಲ್ಲೇನು ಅಂತಾರ. ದನಿ ಕೇಳ್ಲಿ, ಬ್ಯಾಡ ಅನ್ನಂಗಿಲ್ಲ. ಮಾರಿ ಕಾಣಬಾರದು."

ಕೊನೆಗೆ ಒಂದು ರಾಜಿ. ಎಂಟನೇ ಕ್ಲಾಸಿನ ಬಸ್ಸಪ್ಪ ಸೀರೆ ಉಟ್ಟು ತುಟಿ ಆಡಿಸುವುದು. ತಿಮ್ಮವ್ವ ಪರದೆ ಹಿಂದೆ ಕೂತು ಹಾಡುವುದು. ಮಾತು ಕೊಟ್ಟೆ.

೯ ಜನವರಿ ೧೯೯೨
ಬಸ್ಸಪ್ಪ ಮೂರು ಸಲ ಸೀರೆ ಎಡವಿ ಬಿದ್ದ. ಅವನು ಬಾಯಿ ಮುಚ್ಚಿದ ಮೇಲೂ ಹಾಡು ಬರುತ್ತಲೇ ಇರುತ್ತದೆ. ಬೈದೆ. ಅತ್ತ. ಆಮೇಲೆ ಮಿರ್ಚಿ ಭಜಿ ತರಿಸಿಕೊಟ್ಟೆ.

೨೬ ಜನವರಿ, ಬೆಳಿಗ್ಗೆ
ಝಂಡಾ ಕಾರ್ಯಕ್ರಮ ಮುಗಿಸಿ ಬಂದು ಬರೆಯುತ್ತಿದ್ದೇನೆ. ಗ್ಯಾದರಿಂಗ್ ನಿನ್ನೆ ಸಂಜೆ ಆಯಿತು. ನಾಟಕ ಗೆದ್ದಿತು. ನಾನು ಕೆಡಿಸಿದೆ.

ಕೊನೆಗೆ ಬಸ್ಸಪ್ಪ ಕೈಮುಗಿದು ನಿಂತ. ಜನ ಅವನ ಹೆಸರು ಹಿಡಿದು ಕೂಗಿದ್ದೇ ಕೂಗಿದ್ದು. ತುಟಿ ಆಡಿಸಿದವನಿಗೆ ಇಷ್ಟು ಚಪ್ಪಾಳೆ! ಹೊಟ್ಟೆ ಉರಿಯಿತು. ಹಿಂದಿನ ಪರದೆಯ ಹಗ್ಗ ನನ್ನ ಕೈಯಲ್ಲೇ ಇತ್ತು. ಎಳೆದುಬಿಟ್ಟೆ.

ತಿಮ್ಮವ್ವ ಸ್ಟೂಲಿನ ಮೇಲೆ ಕೂತಿದ್ದಳು. ಹಾಡಿನ ಹಾಳೆಯಿಂದ ಮುಖ ಮುಚ್ಚಿಕೊಂಡಳು. ಚಪ್ಪಾಳೆ ಎರಡರಷ್ಟಾಯಿತು. ಜನರ ನಡುವೆ ಕೂತಿದ್ದ ಯಂಕೋಬ ಎದ್ದು ಬಂದು, ಮಗಳನ್ನು ಕರೆದುಕೊಂಡು ಹೋದ. ನನ್ನ ಕಡೆ ನೋಡಲೂ ಇಲ್ಲ.

ಒಳ್ಳೆಯದನ್ನೇ ಮಾಡಿದೆ ಅಂತ ಅರ್ಧ ಗಂಟೆ ಅಂದುಕೊಂಡಿದ್ದೆ. ನಾಚಿಕೆಯಾಗುತ್ತಿದೆ.

೨೭ ಜನವರಿ
ತಿಮ್ಮವ್ವ ಬಂದಿಲ್ಲ.

೩೧ ಜನವರಿ
ಇವತ್ತೂ ಇಲ್ಲ. ಲಿಂಗಸುಗೂರಿನಿಂದ ಕಾಗದ ಬಂದಿದೆ — ಫೆಬ್ರವರಿ ಹದಿನೈದಕ್ಕೆ ನಮ್ಮ ನಾಟಕ ಅಲ್ಲೂ ಆಡಬೇಕಂತೆ. ಹೆಡ್‌ಮಾಸ್ತರು ಪೇಡೆ ಹಂಚಿದರು. ನನ್ನ ಪಾಲಿನದನ್ನು ಬಸ್ಸಪ್ಪನಿಗೆ ಕೊಟ್ಟೆ. ಯಂಕೋಬ ಅವಳ ಸಾಲಿ ಬಿಡಿಸಿಬಿಟ್ಟರೆ? ನನ್ನ ಒಂದು ಹಗ್ಗಕ್ಕೆ ಅವಳ ಓದು ಹೋಗುತ್ತದೆ.

೨ ಫೆಬ್ರವರಿ, ಭಾನುವಾರ
ಸಾಲಗುಂದಕ್ಕೆ ಹೋಗಿದ್ದೆ. ಯಂಕೋಬ ಕೂರಲು ಹೊರಸು ಹಾಕಿದ, ಚಹಾ ಕೊಡಿಸಿದ. ಅದೇ ಮೆತ್ತನೆ ದನಿ.

"ನೀವು ಓದಿದವರು. ಮಾತ ಉಳಸ್ತೀರಿ ಅಂತ ತಿಳಿದಿದ್ನಿ."

ತಪ್ಪಾಯಿತು ಅಂದೆ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಒಬ್ಬ ಪಾಲಕನಿಗೆ ಹಾಗೆ ಅಂದದ್ದು ಇದೇ ಮೊದಲು. ಅಷ್ಟರಲ್ಲಿ ತಿಮ್ಮವ್ವ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಪ್ಪ ಬ್ಯಾಡ ಅಂದ. ನೀವು ಪಡದಾ ಎಳದ್ರಿ. ನಿನಗೇನ ಬೇಕು ಅಂತ ನನ್ನ ಯಾರರ ಕೇಳಿದ್ರೇನ್ರೀ ಸರ?"

ಯಂಕೋಬ ಚಹಾದ ಬಸಿ ಕೆಳಗಿಟ್ಟ. ಈಗ ಕೇಳಿದವನು ಅವನೇ.

"ಹಂಗಾರ ಏನ ಬೇಕು, ಹೇಳವಾ."

"ಆ ರಾಜಕುಮಾರಿ ಬ್ಯಾಡ. ಬರೇ ಅಳ್ತಾಳ. ರಾಕ್ಷಸನ ಪಾರ್ಟ ಬೇಕು. ಅವನ ಮೂರು ಹಾಡು ಸರ ಬಿಟ್ಟಾರ, ಅವೇ ಚೊಲೋ ಅದಾವು. ಗಡ್ಡ, ಬಣ್ಣ ಇದ್ರ ಮಾರಿ ಎಲ್ಲಿ ಕಾಣ್ತದಪ್ಪ?"

ಯಂಕೋಬ ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ.

"ನಾಳಿಂದ ಸಾಲಿಗೆ ಬರ್ತಾಳ. ಗಡ್ಡ ದಪ್ಪಂದು ಇರ್ಲಿ. ಮೈಕಿನ್ಯಾಗ ಹೆಸರು ಹೇಳಂಗಿಲ್ಲ."

ಈ ಸಲ ಮಾತು ಕೊಡಲು ಬಾಯಿ ಬರಲಿಲ್ಲ. ಆಗಲಿ ಅಂತ ತಲೆ ಆಡಿಸಿದೆ.

೮ ಫೆಬ್ರವರಿ
ಗದ್ದೆಪ್ಪ ಖುಷಿಯಿಂದ ಪಾರ್ಟು ಬಿಟ್ಟುಕೊಟ್ಟ. ತುಟಿ ಆಡಿಸಿ ಆಡಿಸಿ ಬಸ್ಸಪ್ಪನಿಗೆ ಜೋಗುಳ ಬಾಯಿಪಾಠವಾಗಿದೆ. ಅವನ ಕೈಲೇ ಹಾಡಿಸಿದೆ. ನಡೆಯುತ್ತದೆ.

ತಿಮ್ಮವ್ವ ಎರಡನೇ ಹಾಡು ಹಾಡಿದಳು. ಗಡಿಗೆ ತುಂಬ ನಿದ್ದೆ ಇಟ್ಟುಕೊಂಡೂ ಕಣ್ಣು ಮುಚ್ಚಲಾರದ ರಾಕ್ಷಸನ ಹಾಡು. ಬರೆದವನು ನಾನೇ, ಇಷ್ಟು ಸಂಕಟ ಅದರಲ್ಲಿದೆ ಅಂತ ಗೊತ್ತಿರಲಿಲ್ಲ. ಉಸ್ಮಾನ್‌ಸಾಬರು ಅಂದರು, "ಇವನ ಮ್ಯಾಲ ಸಿಟ್ಟೇ ಬರವಲ್ದು ನೋಡ್ರೀ ಮಾಸ್ತರ."

ಇದನ್ನು ಕತ್ತರಿಸಿದ್ದೆನಲ್ಲ. ದಡ್ಡ.

೧೫ ಫೆಬ್ರವರಿ, ಸಂಜೆ ೬.೩೦, ಲಿಂಗಸುಗೂರು ಬಸ್‌ಸ್ಟ್ಯಾಂಡ್
ಹುಡುಗರು ಶೇಂಗಾ ತಿನ್ನುತ್ತಿದ್ದಾರೆ. ಬಸ್ಸು ಇನ್ನೂ ಬಂದಿಲ್ಲ. ಈಗಲೇ ಬರೆಯಬೇಕು.

ಯಂಕೋಬ ಬಂದಿದ್ದ. ಮೂರನೇ ಸಾಲು. ನಾನು ಅವನ ಹಿಂದೆ. ತಿಮ್ಮವ್ವನ ಗಡ್ಡ ಎದೆವರೆಗೆ, ಮುಖಕ್ಕೆ ಕೆಂಪು ಬಣ್ಣ. ಸ್ವಂತ ಮಗಳನ್ನು ಅವನೂ ಮೊದಲು ಗುರುತಿಸಲಿಲ್ಲ. ಹಾಡು ಶುರುವಾಯಿತು. ಎರಡನೇ ಹಾಡಿಗೆ ಯಂಕೋಬ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸೆಕೆಯೇನೂ ಇರಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ನಿಲ್ಲಲೊಲ್ಲದು. ಮುಂದಿನ ಸಾಲಿನವನೊಬ್ಬ ತಿರುಗಿ ಕೇಳಿದ, "ಯಾರ ಮಗನೋ ಅವ? ಏನ್ ದನಿ ಐತಿ."

ಅದು ನಾನು ಹೇಳುವ ಮಾತಲ್ಲ.

ಯಂಕೋಬ ಎದ್ದು ನಿಂತ. ಅಷ್ಟು ಗಟ್ಟಿ ದನಿ ಅವನಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

"ಮಗ ಅಲ್ಲೋ, ಮಗಳು. ಸಾಲಗುಂದದ ತಿಮ್ಮವ್ವ. ನನ್ನ ಮಗಳು."

ಸಾಲು ಸಾಲೇ ಅವನ ಕಡೆ ತಿರುಗಿತು. ಸ್ಟೇಜಿನ ಮೇಲೆ ತಿಮ್ಮವ್ವನಿಗೂ ಕೇಳಿಸಿತು. ಮೂರನೇ ಹಾಡಿಗೆ ಪೇಟಿ ಶುರುವಾದರೂ ಅವಳು ಬಾಯಿ ತೆರೆಯಲಿಲ್ಲ. ಅಪ್ಪನನ್ನೇ ನೋಡಿದಳು. ಆಮೇಲೆ, ಯಾರೂ ಹೇಳದೆ, ತಾನೇ, ಗಡ್ಡಕ್ಕೆ ಕೈ ಹಾಕಿ ಎಳೆದುಬಿಟ್ಟಳು.