ಹರೀಶನ ಹೆಸರಲ್ಲಿರುವ ನನ್ನ ಕೋಣೆ

ಮಾಲೂರು, ಜುಲೈ ೧೮, ಶುಕ್ರವಾರ

ತೆರಿಗೆ ಕಾನೂನು ಕೊಟ್ಟ ಮಾತು: ಸ್ವಂತ ದುಡಿಮೆಯವರು ಮನೆಯಲ್ಲೇ ಕೆಲಸ ಮಾಡಿದರೆ ಆ ಕೋಣೆಯ ಬಾಡಿಗೆಯನ್ನು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಸಿಕ್ಕಿದ್ದು: ಆಗುವುದಿಲ್ಲ ಎಂಬ ಉತ್ತರ.

ಕೋರ್ಟಿನ ಕಾಗದಗಳನ್ನು ನಾನು ಅನುವಾದಿಸುವುದು ಈ ಮುಂಗೋಣೆಯಲ್ಲೇ. ಆದರೆ ನನ್ನ ತೆರಿಗೆ ಲೆಕ್ಕ ನೋಡುವ ರಜನಿ ಬಾಡಿಗೆ ಕರಾರು ಓದಿ ತಲೆಯೆತ್ತಿದಳು.

"ಇದ್ರಲ್ಲಿ ಹರೀಶ ಅಂತಿದೆ. ನಿನ್ನ ಹೆಸರೇ ಇಲ್ವಲ್ಲೇ. ಬಾಡಿಗೆ ಕಟ್ಟೋದ್ಯಾರು?"

"ನಾನೇ ಕಣೇ. ನಮ್ಮ ಜಾತಿಯೋರಿಗೆ ಆ ಬೀದೀಲಿ ಮನೆ ಕೊಡಲ್ಲ ಅಂದ್ರು. ಹರೀಶ ಅವ್ರ ಪೈಕಿ, ಗೆಳೆಯ. ಅವ್ನು ಸಹಿ ಹಾಕ್ದ."

"ಹಂಗಾದ್ರೆ ಆಗಲ್ಲ ಕಣೇ, ಕರಾರು ನಿನ್ನ ಹೆಸರಲ್ಲೇ ಇರ್ಬೇಕು."

ಸಂಜೆ ಮಾಲೀಕ ಶ್ರೀರಾಮಪ್ಪನ ಬಳಿ ಹೋಗಿ, ಕರಾರು ನನ್ನ ಹೆಸರಿಗೆ ಮಾಡಿಕೊಡಿ ಎಂದೆ.

"ಏಮಮ್ಮಾ, ನೀವ್ಯಾರು ಅಂತ ನಂಗೊತ್ತಿಲ್ವಾ? ಆದ್ರೂ ಬಾಡಿಗೆ ಈಸ್ಕೊಳ್ತಾ ಇಲ್ವಾ? ನಿಮ್ಮ ಹೆಸರು ಕಾಗದದ ಮೇಲೆ ಬಂದ್ರೆ ಬೀದಿಯೋರು ನನ್ನ ಬಿಡ್ತಾರಾ? ಬೇಕಾದ್ರೆ ಖಾಲಿ ಮಾಡಿ."

ನನ್ನ ದುಡ್ಡಿಗಿಲ್ಲದ ಮೈಲಿಗೆ ನನ್ನ ಹೆಸರಿಗೆ. ಖಾಲಿ ಮಾಡಿದರೆ ಇನ್ನೊಂದು ಬೀದಿ, ಇನ್ನೊಬ್ಬ ಹರೀಶ. ಆ ವಿನಾಯಿತಿ ಹೋದರೆ ಹೋಗಲಿ ಎಂದುಕೊಂಡು ಮಲಗಿದೆ, ಮತ್ತೆ ಎದ್ದೆ. ಬಿಟ್ಟುಬಿಟ್ಟರೆ ಸರ್ಕಾರದ ಮುಂದೆಯೂ ನಾನು ಈ ಮನೆಯಲ್ಲಿ ಇಲ್ಲವೆಂದೇ ಒಪ್ಪಿಕೊಂಡಂತೆ.

ನಮ್ಮ ದಲಿತ ಸಂಘದ ಭೀಮರಾಜನಿಗೆ ಫೋನ್ ಮಾಡಿ, ಇದರ ಬಗ್ಗೆ ಒಂದು ಸಭೆ ಕರೆಯೋಣ ಎಂದೆ. "ಸಭೆ ಎಲ್ಲಿ ಅಕ್ಕ, ಪಾರ್ಕಲ್ಲಾ?" ಎಂದ. ಪಾರ್ಕಿನಲ್ಲಲ್ಲ, ಈ ಮುಂಗೋಣೆಯಲ್ಲೇ, ಬೀದಿಬಾಗಿಲು ಪೂರ್ತಿ ತೆರೆದಿಟ್ಟು ಎಂದೆ. ಶ್ರೀರಾಮಪ್ಪನಿಗೂ ಹೇಳಿಕಳಿಸಿದ್ದೇನೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.